ಭಜನಾ ಮಂಡಳಿಗೆ ಹೊಸಬರು ಬಂದಾಗ: ಮೊದಲು ತಾಳ ಕೊಡಿ

ನಿಮ್ಮ ಮಂಡಳಿಯ ಹತ್ತು ವರ್ಷ ಹಿಂದಿನ ವಾರ್ಷಿಕೋತ್ಸವದ ಫೋಟೋ ತೆಗೆದು, ಕಳೆದ ಶನಿವಾರ ಭಜನೆಗೆ ಕೂತವರನ್ನು ಅದರ ಪಕ್ಕ ನೆನೆಸಿಕೊಳ್ಳಿ. ಹೆಚ್ಚಿನ ಕಡೆ ಮುಖಗಳು ಅವೇ, ಕೂದಲು ಮಾತ್ರ ನರೆತಿದೆ, ಇಬ್ಬರು ಮೂವರ ಜಾಗ ಖಾಲಿಯಾಗಿದೆ. ವಿರಾರ್‌ನಿಂದ ಡೊಂಬಿವಲಿವರೆಗೆ, ಸಾಯನ್‌ನಿಂದ ನೆರೂಲ್‌ವರೆಗೆ ಕನ್ನಡಿಗರ, ತುಳುವರ, ಕೊಂಕಣಿಗರ ಭಜನಾ ಮಂಡಳಿಗಳಲ್ಲಿ ಕೇಳಿಬರುವ ಮಾತೊಂದೇ: ‘ಹೊಸಬರು ಬರುವುದಿಲ್ಲ.’ ಸ್ವಲ್ಪ ಕೆದಕಿ ವಿಚಾರಿಸಿದರೆ ವಿಷಯ ಬೇರೆಯೇ ಇರುತ್ತದೆ. ಹೊಸಬರು ಬಂದಿದ್ದರು. ಎರಡು ವಾರ ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು, ಪ್ರಸಾದ ತಗೊಂಡರು, ಮೂರನೆಯ ವಾರ ಬರಲಿಲ್ಲ. ಹಾಗಾಗಿ ಅವರನ್ನು ಕರೆತರುವುದಕ್ಕಿಂತ ಬಂದವರನ್ನು ಉಳಿಸಿಕೊಳ್ಳುವುದರ ಬಗ್ಗೆ ಯೋಚಿಸುವುದು ಮೇಲು. ಈ ಬರಹ ಅದಕ್ಕಾಗಿಯೇ.

ಈ ತೊಡಕು ಹುಟ್ಟಿದ್ದು ಹೇಗೆಂದು ತಿಳಿಯಲು ಮುಂಬಯಿಯ ಹಳೆಯ ಕತೆ ಸ್ವಲ್ಪ ಗೊತ್ತಿರಬೇಕು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು, ಸಾಯನ್ ಗೋಕುಲದ ಬಿ.ಎಸ್.ಕೆ.ಬಿ. ಅಸೋಸಿಯೇಶನ್ 1925ರದು, ಬಂಟರ ಸಂಘ 1927ರದು. ಇಂಥ ಸಂಘಗಳ ಆಸರೆಯಲ್ಲಿ, ಸಾಂತಾಕ್ರೂಜ್‌ನ ಪೇಜಾವರ ಮಠ, ಅಂಧೇರಿಯ ಅದಮಾರು ಮಠ, ವಡಾಲದ ರಾಮಮಂದಿರದಂಥ ತಾಣಗಳ ಸುತ್ತ ಕರಾವಳಿಯಿಂದ ಬಂದವರ ಭಕ್ತಿಜೀವನ ಬೆಳೆಯಿತು. ಆ ಕಾಲದಲ್ಲಿ ಹೊಸದಾಗಿ ಮಂಡಳಿಗೆ ಬರುವವನು ಊರಿನಿಂದಲೇ ಹಾಡು ಕಲಿತು ಬರುತ್ತಿದ್ದ. ಊರಿನ ಭಜನಾ ಮಂದಿರದಲ್ಲಿ ದೀಪ ಹಚ್ಚಿದ ಮೇಲೆ ಮಕ್ಕಳೆಲ್ಲ ಕೂರಲೇಬೇಕಿತ್ತು. ಧಾಟಿಗಳು, ತಾಳ, ಯಾವ ಹಾಡಿನ ನಂತರ ಯಾವುದು ಎಂಬ ಕ್ರಮ ಹತ್ತು ವರ್ಷ ತುಂಬುವುದರೊಳಗೆ ಕಿವಿಗೆ ಇಳಿದಿರುತ್ತಿತ್ತು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದುತ್ತಿದ್ದ ಹುಡುಗ ಇಲ್ಲಿನ ಮಂಡಳಿಯಲ್ಲಿ ಮೊದಲ ದಿನವೇ ಹಾಡಬಲ್ಲವನಾಗಿದ್ದ. ಕಲಿಸುವ ಕೆಲಸವನ್ನು ಊರು ಮಾಡಿಕೊಡುತ್ತಿದ್ದುದರಿಂದ ಮುಂಬಯಿಯ ಮಂಡಳಿಗಳಿಗೆ ಕಲಿಸುವ ಅಭ್ಯಾಸವೇ ಬೆಳೆಯಲಿಲ್ಲ. ಈಗ ಬಾಗಿಲಿಗೆ ಬರುವವರು ಮೀರಾರೋಡಿನಲ್ಲಿ ಹುಟ್ಟಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಕ್ಕಳು, ಮದುವೆಯಾಗಿ ಈಚೆಗೆ ನಗರಕ್ಕೆ ಬಂದ ಹೆಣ್ಣುಮಕ್ಕಳು, ನಿವೃತ್ತಿಯ ನಂತರ ಮೊದಲ ಸಲ ಬಿಡುವು ಕಂಡ ಬ್ಯಾಂಕ್ ನೌಕರರು, ಪಕ್ಕದ ಮನೆಯ ಮರಾಠಿ ಗೃಹಿಣಿಯರು. ಇವರಲ್ಲಿ ಆಸೆಗೆ ಕೊರತೆಯಿಲ್ಲ, ಆದರೆ ಆ ಹತ್ತು ವರ್ಷಗಳ ಕಿವಿ ಇಲ್ಲ. ಅದನ್ನು ಕೊಡುವ ಹೊಣೆ ಈಗ ಮಂಡಳಿಯದು.

ಈ ಹೊಣೆಯನ್ನು ಹೊರೆಯೆಂದು ಭಾವಿಸುವವರಿದ್ದಾರೆ. ನನ್ನ ವಾದ ಇದಕ್ಕೆ ವಿರುದ್ಧ: ಮಂಡಳಿಗೆ ಮತ್ತೆ ಕಳೆ ಬರುವುದು ಈ ಕಲಿಸುವ ಕೆಲಸದಿಂದಲೇ. ಹೊಸಬರ ಎಳೆಯ ದನಿ ಇಂಪಾಗಿರಬಹುದು, ಆದರೆ ಒಂದು ದನಿ ಸೇರಿದ ಮಾತ್ರಕ್ಕೆ ಇಪ್ಪತ್ತು ದನಿಗಳ ಬೇಸರ ಹೋಗುವುದಿಲ್ಲ. ಮೂವತ್ತು ವರ್ಷದಿಂದ ಹಾಡುತ್ತಿರುವ ಪದವನ್ನು ಒಬ್ಬ ಹುಡುಗಿಗೆ ಹೇಳಿಕೊಡಬೇಕಾದಾಗ ಹಳಬರು ಅದನ್ನು ಮತ್ತೆ ಕೇಳಿಸಿಕೊಳ್ಳಬೇಕಾಗುತ್ತದೆ. ಎರಡನೆಯ ಚರಣದಲ್ಲಿ ಅರ್ಧ ಮಂಡಳಿ ಒಂದು ಪಾಠ, ಇನ್ನರ್ಧ ಇನ್ನೊಂದು ಪಾಠ ಹೇಳುತ್ತಿತ್ತೆಂಬುದು ಆಗಲೇ ಹೊರಬೀಳುತ್ತದೆ. ‘ಇದರ ಅರ್ಥವೇನು?’ ಎಂದು ಆಕೆ ಕೇಳಿದರೆ ಉತ್ತರ ಹುಡುಕಬೇಕಾಗುತ್ತದೆ. ಯಾಂತ್ರಿಕವಾಗಿದ್ದ ಬಾಯಿಗೆ ಮನಸ್ಸು ಮರಳಿ ಬರುವುದು ಹೀಗೆ.

ಭಜನೆಯ ರಚನೆಯೇ ಇದಕ್ಕೆ ಅನುಕೂಲವಾಗಿದೆ. ಒಬ್ಬರು ಮುಂದೆ ಹೇಳುತ್ತಾರೆ, ಉಳಿದವರು ಹಿಂದೆ ಹೇಳುತ್ತಾರೆ. ಏನೂ ಗೊತ್ತಿಲ್ಲದವನೂ ಎರಡನೆಯ ಆವರ್ತಕ್ಕೆ ಸೇರಿಕೊಳ್ಳಬಹುದು. ಕಛೇರಿ ಸಂಗೀತದಲ್ಲಿ ಇಲ್ಲದ ಈ ಬಾಗಿಲನ್ನು ನಮ್ಮ ಹಿರಿಯರು ಬೇಕೆಂದೇ ತೆರೆದಿಟ್ಟರೆಂದು ನಾನು ನಂಬುತ್ತೇನೆ. ಸಾವಿರಾರು ಪದಗಳನ್ನು ಕಟ್ಟಿದ ಪುರಂದರದಾಸರೇ ಸಂಗೀತ ಕಲಿಯುವವರಿಗಾಗಿ ಸರಳೆ ವರಸೆಗಳನ್ನೂ ಪಿಳ್ಳಾರಿ ಗೀತೆಗಳನ್ನೂ ರೂಪಿಸಿದರೆಂದು ಪರಂಪರೆ ಹೇಳುತ್ತದೆ. ಆ ಎತ್ತರದ ದಾಸರು ಮೊದಲ ಪಾಠದ ಮಕ್ಕಳಿಗಾಗಿ ಕೂತು ಯೋಚಿಸಿದರು. ಆಧುನಿಕ ಪುರಾವೆಯೂ ಇದೆ. ಪಿಯರ್ಸ್, ಲಾನೆ, ಡನ್‌ಬಾರ್ ಎಂಬ ಸಂಶೋಧಕರು ಇಂಗ್ಲೆಂಡಿನ ವಯಸ್ಕರ ತರಗತಿಗಳನ್ನು ಏಳು ತಿಂಗಳು ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಟ್ಟಿಗೆ ಹಾಡುವ ತರಗತಿಯವರು ಕರಕುಶಲ ಅಥವಾ ಬರವಣಿಗೆಯ ತರಗತಿಯವರಿಗಿಂತ ಬೇಗ ಪರಸ್ಪರ ಹತ್ತಿರವಾದದ್ದು ಕಂಡುಬಂತು. ಕೊನೆಗೆ ಎಲ್ಲ ತರಗತಿಗಳಲ್ಲೂ ಆಪ್ತತೆ ಬೆಳೆದಿತ್ತು. ಹಾಡಿನ ವಿಶೇಷವಿದ್ದದ್ದು ಆರಂಭದ ವೇಗದಲ್ಲಿ. ಮೊದಲ ತಿಂಗಳಲ್ಲಿ ಹೊಸಬನ ಬಾಯಿ ತೆರೆಸುವುದು ಅಷ್ಟು ಮುಖ್ಯವಾಗುವುದು ಇದಕ್ಕೇ. ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂರಿಸಿದರೆ ಈ ಲಾಭ ಅವನಿಗೂ ಇಲ್ಲ, ನಿಮಗೂ ಇಲ್ಲ.

ಹೇಗೆ ಮಾಡಬಹುದು?

1. ಮೊದಲ ದಿನವೇ ಕೈಗೆ ತಾಳ ಕೊಡಿ. ಪದ ಬಾರದವನಿಗೂ ಲಯ ಬರುತ್ತದೆ. ಮುಂಬಯಿಯ ತಬಲಾ ವಾದಕರು ಭಜನೆಗೆ ಹೆಚ್ಚಾಗಿ ನುಡಿಸುವುದು ಎಂಟು ಮಾತ್ರೆಯ ಕೆಹೆರ್ವಾ, ಆರು ಮಾತ್ರೆಯ ದಾದ್ರಾ. ಹಾಡು ಶುರುವಾಗುವ ಮೊದಲು ಹಳಬರೊಬ್ಬರು ಇದು ಎಂಟರದ್ದು ಅಥವಾ ಆರರದ್ದು ಎಂದು ಬೆರಳಲ್ಲಿ ಎಣಿಸಿ ತೋರಿಸಿದರೆ ಸಾಕು. ಮೊದಲೆರಡು ವಾರ ಆವರ್ತದ ಮೊದಲ ಪೆಟ್ಟನ್ನು ಮಾತ್ರ ಹಾಕಲಿ, ನಡುವಿನ ಪೆಟ್ಟುಗಳನ್ನು ಆಮೇಲೆ ತುಂಬಿಕೊಳ್ಳುತ್ತಾರೆ. ಇಲ್ಲಿ ಒಂದು ಎಚ್ಚರಿಕೆ: ಹತ್ತು ಜೊತೆ ದೊಡ್ಡ ತಾಳ ಒಟ್ಟಿಗೆ ಬಡಿದರೆ ಸಾಹಿತ್ಯ ಮುಳುಗಿಹೋಗುತ್ತದೆ. ದೊಡ್ಡ ತಾಳ ಒಂದೇ ಜೊತೆ, ಅದೂ ಪಳಗಿದವರ ಕೈಯಲ್ಲಿ ಇರಲಿ. ಉಳಿದವರಿಗೆ ಚಿಕ್ಕವು.

2. ಹತ್ತು ಹಾಡುಗಳ ಬುಟ್ಟಿಯೊಂದನ್ನು ಮಾಡಿ. ಗಣಪತಿ ಸ್ತುತಿ ಒಂದು, ಗುರುಸ್ತುತಿ ಒಂದು, ನಾಮಸಂಕೀರ್ತನೆ ಮೂರು, ದಾಸರ ಪದ ನಾಲ್ಕು, ಮಂಗಳ ಒಂದು. ಮೂರು ತಿಂಗಳು ಪ್ರತಿ ವಾರದ ಮೊದಲ ಅರ್ಧ ಗಂಟೆ ಈ ಬುಟ್ಟಿಯಿಂದಲೇ ಹಾಡಿ. ಉಳಿದ ಸಮಯ ಹಳಬರ ಇಷ್ಟದ ಪದಗಳಿಗೆ. ಪ್ರತಿ ವಾರವೂ ಬೇರೆ ಬೇರೆ ಹಾಡಾದರೆ ಹೊಸಬರು ಪ್ರತಿ ವಾರವೂ ಮೊದಲ ದಿನದವರಾಗಿಯೇ ಉಳಿಯುತ್ತಾರೆ.

3. ಲಿಪಿಯ ಬಗ್ಗೆ ತಲೆ ಕೆಡಿಸಿಕೊಳ್ಳಿ. ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮುಂಬಯಿಯಲ್ಲಿ ಹೆಚ್ಚು ಮಂದಿಯನ್ನು ಕಳೆದುಕೊಳ್ಳುವುದು ಈ ಜಾಗದಲ್ಲಿ. ಮನೆಯಲ್ಲಿ ತುಳುವೋ ಕನ್ನಡವೋ ಸರಾಗವಾಗಿ ಆಡುವ ಮಗು ಭಜನೆ ಪುಸ್ತಕ ಕೈಗೆ ಬಂದೊಡನೆ ಮೂಕವಾಗುತ್ತದೆ. ಬಹುತೇಕ ಮಂಡಳಿಗಳು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ವಾಟ್ಸಪ್‌ನಲ್ಲಿ ಕಳಿಸಿ ಕೈ ತೊಳೆದುಕೊಳ್ಳುತ್ತವೆ. ಅದರಲ್ಲಿ ‘ಬಳಿ’ಯೂ ‘ಬಲಿ’ಯೂ ಒಂದೇ ಆಗುತ್ತವೆ, ದ-ಡ, ನ-ಣ, ಅ-ಆ ಎಲ್ಲ ಕಲಸಿಹೋಗುತ್ತವೆ. ಮಹಾರಾಷ್ಟ್ರದ ಶಾಲೆಯಲ್ಲಿ ಮರಾಠಿ, ಹಿಂದಿ ಓದಿದ ಮಕ್ಕಳಿಗೆ ದೇವನಾಗರಿ ಚೆನ್ನಾಗಿ ಬರುತ್ತದೆ. ಅದರಲ್ಲಿ ಬರೆದುಕೊಟ್ಟರೆ ಮಹಾಪ್ರಾಣಗಳು ಉಳಿಯುತ್ತವೆ. ಮರಾಠಿಗೆ ತನ್ನದೇ ‘ಳ’ ಇರುವುದರಿಂದ ಅದೂ ಉಳಿಯುತ್ತದೆ. ಆದರೆ ದೇವನಾಗರಿಯಲ್ಲೂ ನಾಲ್ಕು ಗುಂಡಿಗಳಿವೆ. ಮೊದಲನೆಯದು, ಎ-ಏ, ಒ-ಓ ಭೇದ: ಮರಾಠಿ ಓದುವವರಿಗೆ ಅದು ತಿಳಿಯುವುದಿಲ್ಲ, ‘ಕೊಡು’ ಎಂದು ದೇವರಲ್ಲಿ ಬೇಡುವ ಜಾಗದಲ್ಲಿ ‘ಕೋಡು’ ಬಂದು ಕೂರುತ್ತದೆ. ದೀರ್ಘವಿರುವಲ್ಲೆಲ್ಲ ಅಡಿಗೆರೆ ಎಳೆಯಿರಿ. ಎರಡನೆಯದು, ಪದದ ಕೊನೆಯ ಅಕಾರ: ಮರಾಠಿ ರೂಢಿಯಲ್ಲಿ ‘ರಾಮ’ ‘ರಾಮ್’ ಆಗುತ್ತದೆ, ‘ಚರಣ’ ‘ಚರಣ್’ ಆಗುತ್ತದೆ; ಕನ್ನಡ ಪದದಲ್ಲಿ ಹಾಗಾದರೆ ಒಂದು ಮಾತ್ರೆಯೇ ಕುಸಿದು ತಾಳ ತಪ್ಪುತ್ತದೆ. ಅಭಂಗ ಹಾಡುವಾಗ ಕೊನೆಯ ಅಕ್ಷರವನ್ನು ತುಂಬಿ ಹೇಳುವುದನ್ನು ಮಕ್ಕಳು ಕೇಳಿರುತ್ತಾರೆ, ಹಾಗೆಯೇ ಹೇಳಿ ಎಂದರೆ ಕೂಡಲೇ ಹಿಡಿಯುತ್ತಾರೆ. ಮೂರನೆಯದು, ‘ಜ್ಞಾನ’ವನ್ನು ಮರಾಠಿಯಲ್ಲಿ ‘ದ್ನ್ಯಾನ’ ಎನ್ನುತ್ತಾರೆ. ನಾಲ್ಕನೆಯದು, ಚ ಮತ್ತು ಜ ಅಕ್ಷರಗಳಿಗೆ ಮರಾಠಿಯಲ್ಲಿ ಎರಡೆರಡು ಉಚ್ಚಾರಗಳಿವೆ. ಈ ಎರಡನ್ನೂ ಬಾಯಿಂದಲೇ ತಿದ್ದಬೇಕು, ಕಾಗದದಲ್ಲಿ ಸಾಧ್ಯವಿಲ್ಲ.

ಹೀಗೆ ಮಾಡಿದರೆ ಮಕ್ಕಳು ಕನ್ನಡ ಕಲಿಯುವುದೇ ಇಲ್ಲವಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ. ಆ ಕಳವಳ ನನಗೂ ಇದೆ, ಅದನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ಆದರೆ ಅಕ್ಷರ ಬರುವವರೆಗೆ ಹಾಡಬೇಡ ಎಂದರೆ ಅಕ್ಷರವೂ ಬರುವುದಿಲ್ಲ, ಹಾಡೂ ಹೋಗುತ್ತದೆ. ದಾಸರ ಪದಗಳು ಉಳಿದು ಬಂದದ್ದರಲ್ಲಿ ಕಿವಿ-ಬಾಯಿಗಳ ಪಾಲು ದೊಡ್ಡದು; ಓದುಬರಹ ಬಾರದ ಎಷ್ಟೋ ಅಜ್ಜಿಯರಿಗೆ ನೂರಾರು ಪದಗಳು ಬರುತ್ತಿದ್ದವು. ಪುಟದಲ್ಲಿ ಮೇಲಿನ ಸಾಲು ಕನ್ನಡ, ಕೆಳಗಿನ ಸಾಲು ದೇವನಾಗರಿ ಇರಲಿ. ಬಾಯಿಪಾಠವಾದ ಹಾಡನ್ನು ಕನ್ನಡ ಅಕ್ಷರದಲ್ಲಿ ನೋಡುತ್ತ ಹಾಡುವ ಮಗು, ಯಾವ ಅಕ್ಷರ ಯಾವ ದನಿಯೆಂದು ತಾನೇ ಹೊಂದಿಸಿಕೊಳ್ಳುತ್ತದೆ. ವರ್ಣಮಾಲೆಯ ತಖ್ತೆಗಿಂತ ಇದು ಸುಲಭದ ದಾರಿ. ಆರು ತಿಂಗಳ ನಂತರ ಬುಟ್ಟಿಯ ಹತ್ತು ಹಾಡುಗಳಿಗೆ ಕೆಳಗಿನ ಸಾಲನ್ನು ತೆಗೆದುಬಿಡಿ.

4. ಶ್ರುತಿಯನ್ನು ಹಂಚಿಕೊಳ್ಳಿ. ಗಂಡಸರ ಕಂಠಕ್ಕೆ ಹಾರ್ಮೋನಿಯಂನ ಬಿಳಿ ಒಂದರಿಂದ ಎರಡರ ಆಸುಪಾಸು ಹಿತವಾದರೆ, ಹೆಚ್ಚಿನ ಹೆಂಗಸರಿಗೆ ಹಿತವಾಗುವುದು ಬಿಳಿ ನಾಲ್ಕರಿಂದ ಆರರ ನಡುವೆ. ಹಳೆಯ ಗಂಡಸರ ಮಂಡಳಿಗೆ ನಾಲ್ವರು ಹೆಂಗಸರು ಸೇರಿದರೆ, ಅವರ ದನಿ ಒಂದೋ ಕೆಳಗೆ ಹೂತುಹೋಗುತ್ತದೆ, ಇಲ್ಲವೇ ಮೇಲಿನ ಷಡ್ಜಕ್ಕೆ ಹೋಗಿ ಕೀರಲಾಗುತ್ತದೆ. ‘ಇವರಿಗೆ ಹಾಡಲು ಬರುವುದಿಲ್ಲ’ ಎಂಬ ತೀರ್ಪು ಆಗ ಹುಟ್ಟುತ್ತದೆ. ತಪ್ಪು ಕಂಠದ್ದಲ್ಲ, ಮಣೆಯದು. ಒಟ್ಟಿಗೆ ಹಾಡುವ ಹೊತ್ತಿಗೆ, ನಾಲ್ಕೈದು ಸ್ವರಗಳ ಒಳಗೇ ಸುಳಿಯುವ ನಾಮಸಂಕೀರ್ತನೆಗಳನ್ನು ಆರಿಸಿ. ವಿಸ್ತಾರವಾದ ಧಾಟಿಯ ಪದಗಳನ್ನು ಎರಡು ಕಂತು ಮಾಡಿ: ಮೊದಲು ಗಂಡಸರು ಮುಂದೆ ಹೇಳುವ ಮೂರು ನಾಲ್ಕು, ಆಮೇಲೆ ಶ್ರುತಿ ಒಮ್ಮೆ ಬದಲಿಸಿ ಹೆಂಗಸರು ಮುಂದೆ ಹೇಳುವ ಮೂರು ನಾಲ್ಕು. ಪ್ರತಿ ಹಾಡಿಗೂ ಶ್ರುತಿ ಬದಲಿಸಿದರೆ ತಬಲಾದವರಿಗೆ ಪಾಡು. ದನಿ ಒಡೆಯುವ ಪ್ರಾಯದ, ಸುಮಾರು ಹನ್ನೆರಡರಿಂದ ಹದಿನೈದರ ಹುಡುಗರನ್ನು ಎತ್ತರದಲ್ಲಿ ಹಾಡಲು ಒತ್ತಾಯಿಸಬೇಡಿ. ತಾಳವೋ ತಬಲಾವೋ ಅವರ ಕೈಯಲ್ಲಿರಲಿ, ಕಂಠ ನೆಲೆಗೊಂಡಾಗ ತಾವೇ ಮರಳುತ್ತಾರೆ.

5. ಅರ್ಥಕ್ಕೆ ಎರಡು ನಿಮಿಷ ಕೊಡಿ. ಒಂದು ವಾರಕ್ಕೆ ಒಂದೇ ಪದ, ಒಂದೇ ಚರಣ. ಅದು ಪ್ರವಚನವಾಗದಿರಲಿ. ಮರಾಠಿ ಮಾತಾಡುವವರು ಇದ್ದರೆ ಅಂಕಿತದಿಂದ ಶುರುಮಾಡಿ: ಪುರಂದರ ವಿಠಲ, ವಿಜಯ ವಿಠಲ, ಜಗನ್ನಾಥ ವಿಠಲ. ಆಷಾಢ ಏಕಾದಶಿಗೆ ವಡಾಲದ ವಿಠ್ಠಲ ಮಂದಿರದಲ್ಲಿ ಸಾಲು ನಿಲ್ಲುವವರಿಗೆ ಆ ಹೆಸರನ್ನು ಪರಿಚಯಿಸಬೇಕಾಗಿಯೇ ಇಲ್ಲ. ದಾಸವಾಣಿಯನ್ನೂ ಸಂತವಾಣಿಯನ್ನೂ ಒಂದೇ ಕಂಠದಲ್ಲಿ ಕೇಳಿಸಿದ ಭೀಮಸೇನ ಜೋಶಿಯವರ ಧ್ವನಿಮುದ್ರಿಕೆಗಳು ಇಬ್ಬರಿಗೂ ಗೊತ್ತಿರುತ್ತವೆ.

6. ಹೊತ್ತು, ಜಾಗ ನೋಡಿ ಗೊತ್ತುಮಾಡಿ. ಭಾನುವಾರ ಹಗಲು ಮಧ್ಯ ಮತ್ತು ಹಾರ್ಬರ್ ಮಾರ್ಗಗಳಲ್ಲಿ ಮೆಗಾಬ್ಲಾಕ್ ಇರುವುದು ಸಾಮಾನ್ಯ. ಹನ್ನೊಂದು ಗಂಟೆಗೆ ಅಭ್ಯಾಸ ಇಟ್ಟರೆ ದೂರದವರು ಬರಲಾರರು. ಶನಿವಾರ ಸಂಜೆ ಅಥವಾ ಭಾನುವಾರ ಐದರ ನಂತರ ವಾಸಿ. ಹೊಸಬರಿಗೆ ಕಲಿಸುವ ಬೈಠಕ್ ಮುಖ್ಯ ಭಜನೆಗೆ ಮೊದಲಿನ ಅರ್ಧ ಗಂಟೆಯಲ್ಲೇ ಇರಲಿ, ಅದಕ್ಕೆಂದು ಮತ್ತೊಂದು ದಿನ ಲೋಕಲ್ ಹತ್ತಿಸಬೇಡಿ. ಸೊಸೈಟಿಯ ಫ್ಲ್ಯಾಟಿನಲ್ಲಿ ಕೂರುವುದಾದರೆ ಮೈಕ್ ಬೇಡವೇ ಬೇಡ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಮೈಕ್ ಇಲ್ಲದೆ ಕಲಿತವರ ಕಂಠ ಗಟ್ಟಿಯೂ ಆಗುತ್ತದೆ.

7. ಮೂರನೆಯ ತಿಂಗಳು ಮುಂದೆ ಹೇಳಲು ಬಿಡಿ. ಒಂದೇ ಒಂದು ನಾಮ, ಎರಡು ಸಾಲು ಸಾಕು. ಪಕ್ಕದಲ್ಲಿ ಹಳಬರೊಬ್ಬರು ಮೆಲುದನಿಯಲ್ಲಿ ಜೊತೆಗಿರಲಿ. ಹಿಂದೆ ಹೇಳುವವನಿಗೆ ಹಾಡು ಹಾದುಹೋಗುತ್ತದೆ, ಮುಂದೆ ಹೇಳಿದವನಲ್ಲಿ ಅದು ನಿಲ್ಲುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಎಲ್ಲಕ್ಕಿಂತ ದೊಡ್ಡ ತಪ್ಪು, ಭಜನಾ ಸ್ಪರ್ಧೆ ಹತ್ತಿರ ಬಂದಾಗ ಹೊಸಬರನ್ನು ಹುಡುಕುವುದು. ಆಗ ಬಂದವರು ತಂಡದ ಸಂಖ್ಯೆ ತುಂಬಲು ಬಂದವರಾಗುತ್ತಾರೆ. ಬಹುಮಾನ ಬಂದರೂ ಬಾರದಿದ್ದರೂ ಮರುವಾರ ಅವರಿಗೆ ಕೆಲಸವಿಲ್ಲ. ಸೇರಿಸಿಕೊಳ್ಳುವುದನ್ನು ಸ್ಪರ್ಧೆ ಮುಗಿದ ಮೇಲೆ ಮಾಡಿ. ಎರಡನೆಯದು, ಹಾಡಿನ ನಡುವೆ ಕಣ್ಣು ಕೆಂಪಾಗಿಸಿ ತಿದ್ದುವುದು. ತಪ್ಪು ಇದ್ದರೆ ಭಜನೆ ಮುಗಿದ ಮೇಲೆ, ಒಬ್ಬರೇ ಇದ್ದಾಗ, ಒಂದು ವಾರಕ್ಕೆ ಒಂದು ತಪ್ಪು ಮಾತ್ರ ಹೇಳಿ. ಮೂರನೆಯದು, ಹೊಸಬರನ್ನು ಜಮಖಾನ ಹಾಸಲು, ಪ್ರಸಾದ ಹಂಚಲು ಮಾತ್ರ ಕರೆಯುವುದು; ಸೇವೆ ಎಲ್ಲರದ್ದೂ ಆಗಿರಲಿ, ಹಾಡೂ ಎಲ್ಲರದ್ದಾಗಿರಲಿ. ಮತ್ತೆ ಕೆಲವರು ಯುವಕರನ್ನು ಒಲಿಸಲೆಂದು ಸಿನಿಮಾ ಧಾಟಿಗೆ ದೇವರ ಹೆಸರು ಜೋಡಿಸುತ್ತಾರೆ. ಮೊದಲ ವಾರ ಖುಷಿಯಾಗಬಹುದು, ಆದರೆ ಆ ಧಾಟಿ ಕೇಳಿದಾಗಲೆಲ್ಲ ನೆನಪಾಗುವುದು ಸಿನಿಮಾವೇ.

ಕುಣಿತ ಭಜನೆಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಕರಾವಳಿಯಲ್ಲಿ ಮಕ್ಕಳನ್ನೂ ಯುವಕರನ್ನೂ ಭಜನೆಯತ್ತ ಸೆಳೆದದ್ದರಲ್ಲಿ ಅದರ ಪಾಲು ದೊಡ್ಡದು. ಧರ್ಮಸ್ಥಳದ ಭಜನಾ ತರಬೇತಿ ಕಮ್ಮಟದಲ್ಲೂ ಅದನ್ನು ಕಲಿಸುತ್ತಾರೆ. ಇಲ್ಲಿಯೂ ಮಾಡಿ. ಆದರೆ ಕುಣಿಯುವವರೇ ಮುಂದೆ ಹೇಳಿದರೆ ಉಸಿರು ಸಾಲದೆ ಸಾಹಿತ್ಯ ತುಂಡಾಗುತ್ತದೆ. ಕೂತ ಹಾಡುಗಾರರು ಮುಂದೆ ಹೇಳಲಿ, ದೀಪದ ಸುತ್ತ ಹೆಜ್ಜೆ ಹಾಕುವವರು ಹಿಂದೆ ಹೇಳಲಿ. ನಾಲ್ಕನೆಯ ಮಹಡಿಯ ಫ್ಲ್ಯಾಟು ಇದಕ್ಕೆ ಜಾಗವಲ್ಲ, ಕೆಳಗಿನ ಮನೆಯವರೂ ನಮ್ಮವರೇ.

ಮಟ್ಟ ಇಳಿಯುತ್ತದಲ್ಲ ಎಂದು ಕೇಳುವವರಿಗೆ

ಇಳಿಯುತ್ತದೆ, ಕೆಲವು ತಿಂಗಳು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಪಳಗಿ ಪಕ್ವಗೊಂಡ ಹಿಮ್ಮೇಳದಲ್ಲಿ ನಾಲ್ಕು ಹಸಿ ದನಿಗಳು ಕೇಳಿಸುತ್ತವೆ, ಒಳ್ಳೆಯ ಕಿವಿಯುಳ್ಳವರಿಗೆ ಅದು ನೋವೇ. ಆ ನೋವಿಗೆ ಬೆಲೆಯಿದೆ, ಅದಕ್ಕಾಗಿಯೇ ಮೊದಲ ಅರ್ಧ ಗಂಟೆಯ ನಂತರದ ಸಮಯವನ್ನು ಹಳಬರ ಆಯ್ಕೆಗೆ ಬಿಡಿ ಎಂದದ್ದು. ಹಬ್ಬದ ದಿನದ ವಿಶೇಷ ಭಜನೆಗೆ ಪಳಗಿದವರೇ ಮುಂದೆ ಕೂರಲಿ. ಆದರೆ ಇನ್ನೊಂದು ಕಡೆಯ ಲೆಕ್ಕವನ್ನೂ ಹಾಕಿ ನೋಡಿ. ಅಹೋರಾತ್ರಿ ಭಜನಾ ಸಪ್ತಾಹ ನಡೆಸುವ ದೇವಸ್ಥಾನಗಳಲ್ಲಿ ಏಳು ದಿನ ದನಿ ನಿಲ್ಲದಂತೆ ಸರದಿ ಹಂಚಬೇಕು, ಅಂದರೆ 168 ಗಂಟೆ. ನಡುರಾತ್ರಿ ಎರಡಕ್ಕೂ ಮೂರಕ್ಕೂ ಕೂರುವವರು ಬೇಕು. ಒಂದು ದಿನದ ಏಕಾಹಕ್ಕೂ ಅದೇ ಮಾತು. ಹತ್ತು ಮಂದಿ ಉತ್ತಮ ಗಾಯಕರು ಎಷ್ಟು ಹಾಡಬಲ್ಲರು? ಈ ಸಂಪ್ರದಾಯ ನಿಂತಿರುವುದು ಸುಮಾರಾಗಿ ಹಾಡಬಲ್ಲ ನೂರಾರು ಮಂದಿಯ ಮೇಲೆ.

ಇನ್ನೊಂದು ಆಕ್ಷೇಪವನ್ನು ಜನ ಗಟ್ಟಿಯಾಗಿ ಹೇಳುವುದಿಲ್ಲ. ಮುಂಬಯಿಯ ಅನೇಕ ಮಂಡಳಿಗಳು ಜಾತಿ ಸಂಘಗಳ ಒಳಗಿವೆ. ಬೇರೆ ಸಮುದಾಯದವರು, ಬೇರೆ ಭಾಷೆಯವರು ಬಂದರೆ ನಮ್ಮತನ ಉಳಿದೀತೇ ಎಂಬ ಹಿಂಜರಿಕೆ ಇದೆ. ಪರದೇಶದಂಥ ನಗರದಲ್ಲಿ ಊರಿನವರ ನಡುವೆ ಕೂರುವ ನೆಮ್ಮದಿಗಾಗಿಯೇ ಈ ಮಂಡಳಿಗಳು ಹುಟ್ಟಿದ್ದವು, ಆ ನೆಮ್ಮದಿ ಸಣ್ಣದಲ್ಲ. ಆದರೆ ಕಾಗಿನೆಲೆಯ ಆದಿಕೇಶವನ ಅಂಕಿತದಲ್ಲಿ ಹಾಡಿದ ಕನಕದಾಸರ ಪದಗಳನ್ನು ಹೇಳಿಕೊಂಡೇ ಬಾಗಿಲು ಹಾಕುವುದು ನನಗೆ ಒಪ್ಪಿಗೆಯಾಗುವುದಿಲ್ಲ. ನಮ್ಮತನ ಇರುವುದು ಧಾಟಿಯಲ್ಲಿ, ಭಾಷೆಯಲ್ಲಿ, ಹಾಡಿನ ಕ್ರಮದಲ್ಲಿ. ಅವನ್ನು ಕಲಿಯಲು ಒಪ್ಪಿ ಬಂದವರು ಆ ನಮ್ಮತನವನ್ನು ಹೊತ್ತುಕೊಳ್ಳುವ ಹೆಗಲೇ ಆಗುತ್ತಾರೆ.

ಹಿರಿಯರನ್ನು ಏನು ಮಾಡುವುದು?

ಹೊಸಬರು ಮುಂದೆ ಹೇಳತೊಡಗಿದಾಗ ನಲವತ್ತು ವರ್ಷ ಮುಂದೆ ಹೇಳಿದವರ ಮನಸ್ಸು ಸಣ್ಣಗಾಗುವುದು ಸಹಜ. ಅವರ ಕಂಠ ನಡುಗುತ್ತಿರಬಹುದು, ಆದರೆ ಬೇರೆ ಯಾರಿಗೂ ಬಾರದ ಊರಿನ ಧಾಟಿಗಳು ಅವರಲ್ಲಿವೆ. ಮಂಗಳವನ್ನು ಅವರೇ ಹೇಳಲಿ. ಹೊಸಬರಿಗೆ ಮೊದಲ ಹೊಣೆಯಾಗಿ ಆ ಧಾಟಿಗಳನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳುವ ಕೆಲಸ ಕೊಡಿ. ಹಿರಿಯರ ಮನೆಗೇ ಹೋಗಲಿ, ಫ್ಯಾನ್ ಆರಿಸಲಿ, ಕಿಟಕಿ ಮುಚ್ಚಲಿ. ಪ್ರತಿ ಮುದ್ರಣದ ಆರಂಭದಲ್ಲಿ ಹಾಡಿನ ಹೆಸರು, ದಿನಾಂಕ, ಶ್ರುತಿ, ಯಾವ ಊರಿನಲ್ಲಿ ಯಾರಿಂದ ಕಲಿತದ್ದು ಎಂಬುದನ್ನು ಹಿರಿಯರ ಬಾಯಲ್ಲೇ ಹೇಳಿಸಲಿ. ಒಂದು ಸಲ ಹಾರ್ಮೋನಿಯಂ ಜೊತೆ, ಒಂದು ಸಲ ಬರಿಯ ಕಂಠದಲ್ಲಿ. ಆಮೇಲೆ ಅದೇ ಹಾಡನ್ನು ತಾನು ಹಾಡಿ ಅವರಿಗೆ ಕೇಳಿಸಲಿ, ಅವರು ‘ಇಲ್ಲಿ ಸ್ವಲ್ಪ ಎಳೆಯಬೇಕು ಮಗಾ’ ಎಂದರೆ ಅದನ್ನೂ ಮುದ್ರಿಸಿಕೊಳ್ಳಲಿ.